ಹನ್ನೊಂದೂವರೆಗೇ ಊಟಕ್ಕೆ ಹೊರಡಿ

"ಅಮ್ಮಾ, ಇಲ್ಲೂ ಗಂಜಿತಿಳಿ ಕೊಡ್ತಾರಲ್ಲೇ!" ಸಾಗರದಿಂದ ಸಿಯೋಲ್‌ಗೆ ಬಂದು ತಿಂಗಳಾಗದ ಪುಟ್ಟಿಯೊಬ್ಬಳು ಕಚೇರಿಗಳೇ ತುಂಬಿದ ಯೊಇದೊ ಬಡಾವಣೆಯ ಊಟದ ಮನೆಯಲ್ಲಿ ಹೀಗೆ ಕೂಗಿದಳಂತೆ. ಸಿಯೋಲ್ ಕನ್ನಡಿಗರ ಈ ಪತ್ರಿಕೆಯ ಪುಟಗಳು ಬೆಳಗಾಗುವುದರೊಳಗೆ ಹೋಗಬೇಕು, ಆದರೂ ಈ ಸಲ ಇದನ್ನೇ ಬರೆಯಬೇಕು. ಹೊಸದಾಗಿ ಬಂದವರು ಮಧ್ಯಾಹ್ನವೂ ಕಪ್ ನೂಡಲ್ಸ್‌ನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಾರೆ.

ಪುಟ್ಟಿ ಕುಡಿದದ್ದು ಸುಂಗ್‌ನ್ಯುಂಗ್. ದೋಲ್‌ಸೊತ್‌ಬಾಪ್ ಎಂದು ಕೇಳಿದರೆ ಕಲ್ಲಿನ ಪಾತ್ರೆಯಲ್ಲಿ ಒಬ್ಬೊಬ್ಬರಿಗೆ ಬೇರೆಯಾಗಿ ಬೇಯಿಸಿದ ಅನ್ನ ಬರುತ್ತದೆ. ಕೂಡಲೇ ಅನ್ನವನ್ನು ಪಕ್ಕದ ಬಟ್ಟಲಿಗೆ ತೆಗೆದುಕೊಳ್ಳಿ, ತಳಕ್ಕೆ ಹತ್ತಿದ್ದನ್ನು ಕೆರೆಯಬೇಡಿ. ಅದು ಮುಳುಗುವಷ್ಟು ಬಿಸಿನೀರು ಹೊಯ್ದು ಮುಚ್ಚಿಡಿ, ಅದೇ ಸುಂಗ್‌ನ್ಯುಂಗ್. ಮಾತಾಡುತ್ತಾ ತಡ ಮಾಡಿದರೆ ಕಲ್ಲು ಆರುತ್ತದೆ, ಆಮೇಲೆ ತಳ ಬಿಡುವುದಿಲ್ಲ. ನಮ್ಮದು ಅನ್ನ ಬಸಿದ ತಿಳಿ, ಇದು ಅಡಿ ಹತ್ತಿದ ಅನ್ನದ ನೀರು. ಹುರಿದಕ್ಕಿಯ ಘಮ ಹೆಚ್ಚು, ಉಪ್ಪಿಲ್ಲ. ನಮ್ಮೂರಲ್ಲಿ ಆಷಾಢದ ಮಳೆಯಲ್ಲಿ ಅಡಕೆಗೆ ಕೊಳೆಮದ್ದು ಹೊಡೆದು ಬಂದವರು ಕಂಬಳಿಕೊಪ್ಪೆ ಮೂಲೆಗಿಟ್ಟು ಒಲೆ ಮುಂದೆ ಕೂತಾಗ, ದೊಡ್ಡ ಲೋಟದಲ್ಲಿ ತಿಳಿ, ಅದರಲ್ಲಿ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಅಪ್ಪೆಮಿಡಿ, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಹಂಚಿನ ಮೇಲೆ ಮಳೆ ಹೊಯ್ಯುತ್ತಲೇ ಇರುತ್ತಿತ್ತು. ಇಲ್ಲಿ ಬೆಣ್ಣೆಯಿಲ್ಲ, ಆದರೆ ಅಪ್ಪೆಮಿಡಿ ಡಬ್ಬಿ ಯಾರ ಚೀಲದಲ್ಲಿಲ್ಲ ಹೇಳಿ?

ಇನ್ನು ಲೆಕ್ಕಾಚಾರ. ಯೊಇದೊ, ಉಲ್ಜಿರೊ, ಟೆಹರಾನ್‌ರೊದ ಕಚೇರಿಗಳೆಲ್ಲ 12ಕ್ಕೆ ಒಟ್ಟಿಗೇ ಏಳುತ್ತವೆ. ನೀವು 11.30ಕ್ಕೇ ಹೋಗಿ, ಇಲ್ಲವೇ 1 ದಾಟಲಿ. ಬಹಳ ಕಡೆ 3ರಿಂದ 5ರವರೆಗೆ ಅಡುಗೆ ನಿಲ್ಲಿಸುತ್ತಾರೆ. ಕಚೇರಿ ಕಟ್ಟಡಗಳ ನೆಲಮಾಳಿಗೆಗೆ ಇಳಿಯಿರಿ, ಕಡಿಮೆ ಬೆಲೆಯ ಊಟ ಅಲ್ಲಿರುತ್ತದೆ. ಬೆಕ್‌ಬಾನ್ ಎಂದರೆ ಅನ್ನ, ಸಾರು, ನಾಲ್ಕೈದು ಬಗೆಯ ನೆಂಚಿಕೆ, ಅಂದರೆ ಬಾನ್‌ಚಾನ್, ಸುಮಾರು 10,000 ವೋನ್. ಬಾನ್‌ಚಾನ್ ಮತ್ತೆ ಕೇಳಿದರೆ ದುಡ್ಡಿಲ್ಲ, ಅನ್ನಕ್ಕೆ ಸಾಮಾನ್ಯವಾಗಿ 1,000 ವೋನ್. ಚಮಚ, ಕಡ್ಡಿ ಮೇಜಿನ ಪಕ್ಕದ ಡ್ರಾಯರ್‌ನಲ್ಲಿರುತ್ತವೆ. ಟಿಪ್ಸ್ ಕೊಡುವ ಪದ್ಧತಿಯಿಲ್ಲ.

ಸಸ್ಯಾಹಾರಿಗಳು ಎಡವುವುದು ಇಲ್ಲೇ. "ಗೋಗಿ ಪ್ಪೆ ಜುಸೆಯೊ" ಎಂದರೆ ಮಾಂಸ ಬಿಡುತ್ತಾರೆ, ಮೀನಿನ ಸಾರು ಬಿಡುವುದಿಲ್ಲ. ದ್ವೆಂಜಾಂಗ್ (ಹುದುಗಿಸಿದ ಸೋಯಾ ಗೊಜ್ಜು) ಸಾರಿಗೆ ಒಣಮೀನು ಕುದಿಸಿದ ನೀರು, ಕಿಮ್ಚಿಗೆ ಉಪ್ಪುಸೀಗಡಿ ಬಿದ್ದಿರುವುದೇ ಹೆಚ್ಚು. ತರಕಾರಿ ಕಲಸಿದ ಅನ್ನ ಬಿಬಿಂಬಾಪ್‌ನ ಕೆಂಪು ಮೆಣಸಿನ ಗೊಜ್ಜು ಗೋಚುಜಾಂಗ್‌ನಲ್ಲೂ ಕೆಲವೆಡೆ ದನದ ಮಾಂಸ ಹುರಿದು ಸೇರಿಸಿರುತ್ತಾರೆ, ಅದನ್ನೂ ಕೇಳಿ ತಿಳಿಯಿರಿ. ಬೇಸಿಗೆಯಲ್ಲಿ ಕೊಂಗುಕ್ಸು ವಾಸಿ: ಸೋಯಾ ಕಾಳು ರುಬ್ಬಿದ ತಣ್ಣನೆ ಹಾಲಿಗೆ ಗೋಧಿ ಶಾವಿಗೆ, ಉಪ್ಪು ನೀವೇ ಹಾಕಿಕೊಳ್ಳಬೇಕು. ನಮ್ಮ ಮಲೆನಾಡಿನವರಿಗೆ ಹೇಳಿ ಮಾಡಿಸಿದ್ದು ಮಾತ್ರ ಗೊಂದ್ರೆಬಾಪ್, ಗಾಂಗ್‌ವೊನ್ ಪ್ರಾಂತ್ಯದ ಗುಡ್ಡಗಾಡಿನ ಸೊಪ್ಪು ಸೇರಿಸಿ ಬೇಯಿಸಿದ ಅನ್ನ. ಅದರ ಸೋಯಾ ಸಾಸನ್ನು ಒಮ್ಮೆಲೇ ಸುರಿಯಬೇಡಿ, ಸೊಪ್ಪಿನ ರುಚಿ ಮುಚ್ಚಿಹೋಗುತ್ತದೆ. ಅರ್ಧ ಚಮಚದಿಂದ ಶುರು ಮಾಡಿ.

ಅವಸರದ ಸೂಚನೆಗಳು: ನವೆಂಬರ್ 1ರ ರಾಜ್ಯೋತ್ಸವಕ್ಕೆ ಹಾಡುವ ಮಕ್ಕಳ ಹೆಸರು ಬೇಗ ಕೊಡಿ. ತಟ್ಟೆ ಲೋಟ ಮನೆಯಿಂದಲೇ ತನ್ನಿ. ಕೊರಿಯಾದ ಸುಗ್ಗಿ ಹಬ್ಬ ಛುಸೊಕ್ ರಜೆಯಲ್ಲಿ ಪುಸ್ತಕ ವಿನಿಮಯ ಇಲ್ಲ. ಶಿವಮೊಗ್ಗದಿಂದ ಬರುವವರ ಚೀಲದಲ್ಲಿ ಜಾಗವಿದ್ದರೆ ಮಕ್ಕಳ ಕನ್ನಡ ಕಾಪಿಪುಸ್ತಕ ಹತ್ತು ಬೇಕು.

ಪುಟ ಕಟ್ಟಲು ಉಳಿದಿರುವುದು ಇಬ್ಬರೇ. ಕನ್ನಡ ಟೈಪಿಂಗ್ ಬರುವ ಒಬ್ಬರಾದರೂ ದಯವಿಟ್ಟು ಕೈಜೋಡಿಸಿ. ನಿಮ್ಮ ಕಚೇರಿ ಹತ್ತಿರದ ಸಸ್ಯಾಹಾರ ಊಟದ ಪಟ್ಟಿ ಕಳಿಸಿ, ಸಾರಿಗೆ ಏನು ಹಾಕುತ್ತಾರೆಂದು ಅಡುಗೆಯವರನ್ನು ಕೇಳಿಯೇ ಬರೆಯಿರಿ.