ತೂಬು ಎತ್ತಿದವನು ಒಬ್ಬ, ಗದ್ದೆ ಒಣಗಿದ್ದು ಇನ್ನೊಬ್ಬನದು

ಮಾನ್ಯ ಸಂಪಾದಕರೇ,

ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಸೂಪರ್‌ಹೀರೋ ಸೀರಿಯಲ್‌ಗಳಿಗೆ ತರ್ಕವೇ ಇಲ್ಲ, ಹಾಗಾಗಿ ನೋಡುವುದು ದಂಡ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಒಬ್ಬರು ಬರೆದಿದ್ದಾರೆ. ಮೊದಲನೆಯದು ಒಪ್ಪಿದೆ. ಎರಡನೆಯದಕ್ಕೆ ನನ್ನ ತಕರಾರಿದೆ.

ಪಿಯುಸಿ ಓದುವ ಮಗಳ ಜೊತೆ ಕೂತು ಅಂಥದ್ದೇ ಒಂದು ಸೀರಿಯಲ್ 'ದಿ ಫ್ಲ್ಯಾಶ್' ನೋಡಿದವನು ನಾನು. ಅದರ ನಾಯಕ ಬ್ಯಾರಿ, ಮಿಂಚಿನ ವೇಗದಲ್ಲಿ ಓಡಿ ಕಾಲದಲ್ಲೂ ಹಿಂದೆ ಮುಂದೆ ಹೋಗಬಲ್ಲವನು. 2014ರಿಂದ 2023ರವರೆಗೆ ಒಂಬತ್ತು ಸೀಸನ್, ಸುಮ್ನೆ ಅಲ್ಲ. ಮೊದಲ ಸೀಸನ್ ಕೊನೆಯಲ್ಲಿ ಎಡ್ಡಿ ಅನ್ನುವ ಪೊಲೀಸ್ ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಬ್ಯಾರಿಯ ಅಮ್ಮನನ್ನು ಕೊಂದ ಖಳನಾಯಕ ಇಯೋಬಾರ್ಡ್ ಥಾನ್ ಈ ಎಡ್ಡಿಯ ವಂಶದಲ್ಲೇ ಮುಂದೆ ಹುಟ್ಟಬೇಕಾದವನು, ಇವನೇ ಇಲ್ಲದಿದ್ದರೆ ಅವನೆಲ್ಲಿಂದ ಬರಬೇಕು? ಥಾನ್ ಕಣ್ಣೆದುರೇ ಮಾಯವಾಗುತ್ತಾನೆ. "ಅವನು ಹುಟ್ಟೇ ಇಲ್ಲ ಅಂದ್ರೆ ಬ್ಯಾರಿ ಅಮ್ಮನ್ನ ಕೊಂದೋರು ಯಾರಪ್ಪಾ?" ಅಂದಳು ಮಗಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಸೀಸನ್‌ನಲ್ಲಿ ಅದೇ ಥಾನ್ ಮತ್ತೆ ಹಾಜರ್, ಜೊತೆಗೊಂದು ಸಬೂಬು.

ಆದರೆ ನಾವು ನೋಡಿದ್ದು ಈ ಲೆಕ್ಕಕ್ಕಲ್ಲ. ಎರಡನೇ ಸೀಸನ್ ಕೊನೆಗೆ ಅಪ್ಪನನ್ನೂ ಕಳೆದುಕೊಂಡ ಬ್ಯಾರಿ, ಸಂಕಟ ತಡೆಯಲಾರದೆ ಹಿಂದಕ್ಕೆ ಓಡಿ ಅಮ್ಮನನ್ನು ಉಳಿಸಿಬಿಡುತ್ತಾನೆ. ಆಮೇಲೆ ತನ್ನ ತಪ್ಪು ಅರಿವಾಗಿ ಎಲ್ಲ ಮೊದಲಿನಂತೆ ಮಾಡಲು ಹೋಗುತ್ತಾನೆ, ಮೊದಲಿನಂತೆ ಆಗುವುದಿಲ್ಲ. ವಾಪಸ್ ಬಂದರೆ ಗೆಳೆಯ ಸಿಸ್ಕೋನ ಅಣ್ಣ ಅಪಘಾತದಲ್ಲಿ ಸತ್ತಿದ್ದಾನೆ. ನಮ್ಮ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮೇಲ್ಗಡೆ ಒಬ್ಬ ರಾತ್ರೋರಾತ್ರಿ ತೂಬು ಎತ್ತಿಕೊಂಡರೆ ಬೆಳಿಗ್ಗೆ ಮಳವಳ್ಳಿ ಕಡೆಯ ಕೊನೆ ಭಾಗದ ರೈತನಿಗೆ ನೀರಿಲ್ಲ, ಅಲ್ವಾ? ಅಣ್ಣನನ್ನು ಉಳಿಸಿಕೊಡು ಅಂತ ಸಿಸ್ಕೋ ಕೇಳಿದಾಗ ಬ್ಯಾರಿ ಆಗಲ್ಲ ಅನ್ನುತ್ತಾನೆ. ತನ್ನ ಅಮ್ಮನಿಗಾದರೆ ಓಡಿದವನು! ಸಿಸ್ಕೋನ ಆ ಮುನಿಸು ನಿಜವಾದದ್ದು. ನನ್ನ ಬೇಜಾರೆಂದರೆ ಬೇಗ ರಾಜಿ ಮಾಡಿಸಿಬಿಟ್ಟರು, ನಮ್ಮೂರಲ್ಲಿ ಬದುವಿನ ಜಗಳಕ್ಕೇ ಎರಡು ವರ್ಷ ಮಾತು ಬಿಡುತ್ತಾರೆ.

ಕೊನೆಕೊನೆಯ ಸೀಸನ್‌ಗಳು ಜಾಳು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಐದನೆಯದರಲ್ಲಿ ಒಂದು ಜಾಗ ಇದೆ. ಬ್ಯಾರಿಯ ಮಗಳು ನೋರಾ, ಅಪ್ಪನನ್ನು ನೋಡಬೇಕು, ಉಳಿಸಿಕೊಳ್ಳಬೇಕು ಅಂತ ಭವಿಷ್ಯದಿಂದ ಬರುತ್ತಾಳೆ. ಅವಳು ಥಾನ್ ಜೊತೆ ಕೈ ಜೋಡಿಸಿದ್ದು ಗೊತ್ತಾದಾಗ ಬ್ಯಾರಿ ಸಿಟ್ಟಿನಲ್ಲಿ ಅವಳನ್ನು ವಾಪಸ್ ಬಿಟ್ಟು ಬರುತ್ತಾನೆ. ಅಮ್ಮನಿಗಾಗಿ ಇವನು ಮಾಡಿದ್ದೂ ಹೆಚ್ಚುಕಡಿಮೆ ಅದೇ ಅಲ್ಲವೇ? ಆ ಎಪಿಸೋಡ್ ಮುಗಿದಾಗ ಮಗಳು ನನ್ನ ಮುಖ ನೋಡಿದಳು. ನಾನು ರಿಮೋಟ್ ಹುಡುಕತೊಡಗಿದೆ.

— ಒಬ್ಬ ಓದುಗ, ಮಂಡ್ಯ