ಜೂನ್‌ನಿಂದ ಬಸ್ ಫೀಸ್ ಬದಲಾಗ್ತದೆ, ಸಿಟ್ಟು ಮಾಡೋ ಮೊದಲು ಒಮ್ಮೆ ಓದಿ

ಎಲ್ಲ ಅಪ್ಪ ಅಮ್ಮಂದಿರಿಗೆ ನಮಸ್ಕಾರ,

ಮರಾಠಿಯಲ್ಲಿ ಬೇರೆ ಕಾಗದ ಕೊಟ್ಟಿದ್ದೇವೆ, ಮುಂಬೈ ಕಡೆಯ ಮುಲುಂಡ್-ಥಾಣೆ ರೂಟಲ್ಲಿ ನಮ್ಮೂರ ಕಡೆಯವರೇ ಜಾಸ್ತಿ ಇರೋದ್ರಿಂದ ಇದು ಕನ್ನಡದಲ್ಲಿ. ವಿಷಯ ಇಷ್ಟೇ, ನಮ್ಮ ವಿಶೇಷ ಮಕ್ಕಳ ಸ್ಕೂಲ್ ಬಸ್ಸಿನ ಫೀಸಿನದ್ದು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ವೀಲ್‌ಚೇರಿಗೆ ಅಂತ ಬೇರೆ ಚಾರ್ಜ್ ಇಲ್ಲ, ಎಲ್ಲ ಮಕ್ಕಳಿಗೂ ಒಂದೇ ಫೀಸ್. ಚೇರ್‌ನವರದ್ದು ಇಳೀತದೆ, ಉಳಿದವರದ್ದು ತಿಂಗಳಿಗೆ 600 ರೂಪಾಯಿ ಏರ್ತದೆ. ರಜೆಯಲ್ಲಿ ಊರಿಗೆ ಹೋದವರಿಗೆ ಇಂಥ ಸುದ್ದಿ ಕಳಿಸೋದಕ್ಕೆ ಬೇಜಾರುಂಟು, ಕ್ಷಮಿಸಿ.

ಅಪ್ಪ ಅಮ್ಮಂದಿರ ಗ್ರೂಪಲ್ಲಿ ಯಾರೋ, ಡೀಸೆಲ್ ನೆಪ ಹೇಳಿ ಫೀಸ್ ಏರಿಸ್ತಾರೆ ಅಂತ ಹಾಕಿದ್ರು. ಡೀಸೆಲ್ ಮಾತೇ ನಾನು ಎತ್ತಿಲ್ಲ ಮಾರಾಯ್ರೆ. ಎರಡು ಚೇರಿಗೆ ಜಾಗ ಮಾಡೋಕೆ ಹಿಂದಿನ ಸೀಟುಗಳನ್ನು ತೆಗೆಸಿದ್ದೇವೆ, ಅದು ಸ್ಕ್ರೂ ಬಿಚ್ಚಿ ಮುಗಿಸೋ ಕೆಲಸ ಅಲ್ಲ, ಆರ್‌ಸಿಯಲ್ಲಿ ಸೀಟಿನ ಲೆಕ್ಕ ಬದಲಾಗ್ಬೇಕು, ಆರ್‌ಟಿಒ ಪರ್ಮಿಶನ್ ಬೇಕು, ಮತ್ತೆ ಪಾಸಿಂಗ್ ಅಂದ್ರೆ ಬಸ್ಸಿನ ಫಿಟ್‌ನೆಸ್ ತಪಾಸಣೆ, ಅಷ್ಟು ದಿನ ಬಸ್ ಗ್ಯಾರೇಜಲ್ಲಿ ನಿಂತಿದ್ರೂ ಡ್ರೈವರ್ ಪಗಾರ, ಬ್ಯಾಂಕಿನ ಕಂತು ಎರಡೂ ನಿಲ್ಲೋದಿಲ್ಲ. ಹೋದ ಸೀಟು ಹೋಯ್ತು, ಅದರ ಫೀಸ್ ಇನ್ನು ಬರೋದಿಲ್ಲ. ಮಾಮೂಲಿ ಸ್ಕೂಲ್ ಬಸ್ಸಿನವರಿಗೆ 12 ವರ್ಷದೊಳಗಿನ ಮಕ್ಕಳಾದ್ರೆ ಸೀಟಿನ ಒಂದೂವರೆ ಪಟ್ಟು ಮಕ್ಕಳನ್ನು ಕೂರಿಸಬಹುದು ಅನ್ನೋ ಲೆಕ್ಕ ಉಂಟು, ನಮ್ಮ ಮಕ್ಕಳನ್ನು ಹಾಗೆ ಒತ್ತಿ ಕೂರಿಸೋಕಾಗ್ತದಾ? ಮಹಾರಾಷ್ಟ್ರದ 2011ರ ಸ್ಕೂಲ್ ಬಸ್ ರೂಲ್ಸ್ ಪ್ರಕಾರ ಅಟೆಂಡೆಂಟ್ ಬೇಕೇ ಬೇಕು, ಹೆಣ್ಮಕ್ಕಳಿದ್ರೆ ಹೆಂಗಸೇ ಆಗ್ಬೇಕು. ನಾವು ಇಬ್ಬರು ಮಾವಶಿಯರನ್ನು, ಅಂದ್ರೆ ಮಕ್ಕಳನ್ನು ನೋಡ್ಕೊಳ್ಳೋ ಹೆಂಗಸರನ್ನು, ಇಟ್ಟಿದ್ದೇವೆ, ಯಾರೂ ಹೇಳದೇನೇ.

ಈಗ ಎಲ್ಲರೂ ಕೇಳೋ ಪ್ರಶ್ನೆ. "ನಮ್ಮ ಮಗ ನಡ್ಕೊಂಡೇ ಹತ್ತುತಾನೆ, ಬೇರೆಯವರ ಚೇರಿಗೆ ನಾವ್ಯಾಕೆ ಕೊಡ್ಬೇಕು?" ಫೋನಲ್ಲಿ, ಗೇಟಲ್ಲಿ, ಒಬ್ಬರಂತೂ ಮದುವೆ ಊಟದ ಪಂಕ್ತಿಯಲ್ಲೇ ಕೇಳಿದ್ರು.

ನೋಡಿ, ಚೇರ್ ಚಾರ್ಜ್ ಬೇರೆ ಇದ್ದಾಗ ಏನಾಗ್ತಿತ್ತು ಅಂದ್ರೆ, ಆ ದುಡ್ಡು ಉಳಿಸೋಕೆ ಕೆಲವರು ಚೇರನ್ನು ಮನೆಯಲ್ಲೇ ಬಿಟ್ಟು, ಕುತ್ತಿಗೆ ಸರಿ ನಿಲ್ಲದ ಮಗುವನ್ನು ಎತ್ತಿ ಸೀಟಲ್ಲಿ ಕೂರಿಸಿ ಮಾವಶಿ ಹಿಡ್ಕೊಳ್ಳಲಿ ಅಂತಿದ್ರು. ಅವರನ್ನು ಬೈಯೋಕೆ ಮನಸ್ಸಿಲ್ಲ, ಥೆರಪಿ ಖರ್ಚು ಎಷ್ಟಾಗ್ತದೆ ಅಂತ ನಿಮಗೇ ಗೊತ್ತು. ಆದ್ರೆ ಎಲ್‌ಬಿಎಸ್ ರೋಡಲ್ಲಿ ರಿಕ್ಷಾದವ ಅಡ್ಡ ನುಗ್ಗಿ ಬ್ರೇಕ್ ಹಾಕಿದ್ರೆ ಮನುಷ್ಯರ ಕೈಯಲ್ಲಿ ಮಗು ನಿಲ್ಲೋದಿಲ್ಲ. ಚೇರ್ ಮುಂದಕ್ಕೆ ಮುಖ ಮಾಡಿ ನಾಲ್ಕು ಸ್ಟ್ರಾಪ್ ಹಾಕಿ ನೆಲಕ್ಕೆ ಬಿಗೀಬೇಕು, ಮಗುವಿಗೆ ಬೇರೆ ಬೆಲ್ಟ್. ಚೇರಿನ ಜೊತೆ ಬರೋ ಬೆಲ್ಟ್ ನೆಟ್ಟಗೆ ಕೂರೋಕೆ ಮಾತ್ರ, ಅಪಘಾತಕ್ಕಲ್ಲ. 2020ರ ಮಾರ್ಚ್ 1ರಿಂದ ಬಂದ ಕೇಂದ್ರದ ನಿಯಮದಲ್ಲೂ ಬಸ್ಸಲ್ಲಿ ವೀಲ್‌ಚೇರ್ ಹತ್ತಿಸೋಕೆ, ಲಾಕ್ ಮಾಡೋಕೆ ವ್ಯವಸ್ಥೆ ಇರ್ಬೇಕು ಅಂತುಂಟು. ಇದಕ್ಕೆ ರೇಟ್ ಹಚ್ಚಿದ್ರೆ ಯಾರಾದ್ರೂ ಬೇಡ ಅಂತಾರೆ, ಅದಕ್ಕೇ ತೆಗೆದದ್ದು.

ಮತ್ತೆ, ಬೆಲ್ಟ್ ಬಿಚ್ಚಿ ಎದ್ದು ಓಡೋ ಮಗುವಿನ ಪಕ್ಕ ಒಬ್ಬ ಮಾವಶಿ ಇಡೀ ದಾರಿ ಕೂರ್ತಾರೆ, ಫಿಟ್ಸ್ ಬರೋ ಮಗುವಿನ ಔಷಧಿ ಪೌಚ್, ಡಾಕ್ಟರ್ ಚೀಟಿ ಅವರ ಕೈಯಲ್ಲೇ ಇರ್ತದೆ. ಇದಕ್ಕೆಲ್ಲ ನಾವು ಯಾವತ್ತಾದ್ರೂ ಬೇರೆ ಬಿಲ್ ಹಾಕಿದ್ದೇವಾ? ಕಿವಿ ಕೇಳದ ಮಗುವಿಗೆ ಇದ್ಯಾವುದೂ ಬೇಡ, ಹೌದು. ಅವರ ಅಪ್ಪ ಕೇಳಿದ್ರೆ ನನ್ನ ಹತ್ರ ಒಳ್ಳೆ ಉತ್ತರ ಇಲ್ಲ.

ವಿಕಲಚೇತನರ ಹಕ್ಕುಗಳ 2016ರ ಕಾನೂನಲ್ಲಿ ಸಾರಿಗೆ ಕೊಡ್ಬೇಕು ಅಂತುಂಟಲ್ಲ ಅಂತ ಕೆಲವರು ಕೇಳ್ತೀರಿ. ಉಂಟು, ಅದು ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರೋ ಶಾಲೆಗಳ ಬಗ್ಗೆ. ಶಾಲೆಯಲ್ಲಿ ಕೇಳಿ, ಬಿಲ್ ಬೇಕಾದ್ರೆ ಕೊಡ್ತೇನೆ.

ಒಟ್ಟಿಗೆ ಕೊಡೋಕೆ ಕಷ್ಟ ಆದವರು ನನಗೊಬ್ಬನಿಗೇ ಫೋನ್ ಮಾಡಿ, ಗ್ರೂಪಲ್ಲಿ ಬರೀಬೇಡಿ, ಫೀಸಿಗೋಸ್ಕರ ಯಾವ ಮಗುವನ್ನೂ ಗೇಟಲ್ಲಿ ಬಿಟ್ಟು ಬರೋದಿಲ್ಲ. ರಜೆಯಲ್ಲಿ ಹೊಸ ಚೇರ್ ತಗೊಂಡಿದ್ರೆ ಶಾಲೆ ಶುರುವಾಗೋ ಮೊದಲೇ ತಂದು ತೋರಿಸಿ, ಕೆಲವು ಮಡಚೋ ಚೇರಿಗೆ ಸ್ಟ್ರಾಪ್ ಸಿಕ್ಕಿಸೋಕೆ ಗಟ್ಟಿ ಜಾಗವೇ ಇರೋದಿಲ್ಲ.

ನಿಮ್ಮ ವ್ಯಾನ್ ಕಾಕಾ