ಶಾಸಕರೇ, ಊರಿಗೆ ಬಂದವರು ಯಾಕೆ ವಾಪಸ್ ಹೋದರು ಗೊತ್ತಾ?

ಮಾನ್ಯ ಶಾಸಕರಿಗೆ ನಮಸ್ಕಾರ.

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಪೆರ್ಲದ ಹತ್ತಿರದಿಂದ ಬರೆಯುತ್ತಿದ್ದೇನೆ. 2020ರ ಕೋವಿಡ್ ಕಾಲದಲ್ಲಿ ಕೇರಳ ಸರ್ಕಾರದ ಜಾಗ್ರತಾ ಪೋರ್ಟಲಿನಲ್ಲಿ ಪಾಸ್ ಮಾಡಿಸಿ, ತಲಪಾಡಿಯ ಗಡಿ ಚೆಕ್‌ಪೋಸ್ಟಿನಲ್ಲಿ ಸಾಲು ನಿಂತು, ಮನೆಗೆ ಬಂದು 14 ದಿನ ಕ್ವಾರಂಟೈನ್ ಕೂತವರಲ್ಲಿ ನಾನೂ ಒಬ್ಬ. ಆಗ ಬೆಂಗಳೂರು, ಮುಂಬೈ ಬಿಟ್ಟು ಬಂದ ಮಕ್ಕಳಿಂದ ನಮ್ಮ ವಾರ್ಡು ತುಂಬಿಹೋಗಿತ್ತು. ಈಗ ಹೆಚ್ಚಿನ ಮನೆಗಳಲ್ಲಿ ಮತ್ತೆ ಅಪ್ಪ ಅಮ್ಮ ಮಾತ್ರ.

ಆಫೀಸಿನವರು ಕರೆದರು, ಹೋದರು ಅಂತ ನಿಮಗೆ ಅನಿಸಬಹುದು. ಮನೆಯಿಂದಲೇ ಕೆಲಸ ಮಾಡಿ ಎಂದ ಕಂಪೆನಿಯವರೂ ಇದ್ದರು ಸ್ವಾಮಿ, ರೇಂಜ್ ಇರಲಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ನಮಗೇನೂ ಹೊಸತಲ್ಲ, ಆದರೆ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಖಾಲಿ, ಆಮೇಲೆ ಫೋನು ಟಾರ್ಚಿಗಷ್ಟೇ ಲಾಯಕ್ಕು. ಮೀಟಿಂಗ್ ಇದ್ದರೆ ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು, ಬೈಕಲ್ಲಿ ಗುಡ್ಡ ಹತ್ತಿ, ಅಲ್ಲಿರುವ ಶೀಟಿನ ಬಸ್ ಸ್ಟ್ಯಾಂಡಿನಲ್ಲಿ ಕೂರಬೇಕು. ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿ ನನ್ನ ಮ್ಯಾನೇಜರು ಒಮ್ಮೆ "ಫ್ಯಾಕ್ಟರಿಯಲ್ಲಿ ಇದ್ದೀರಾ?" ಅಂದರು.

2023ರಲ್ಲಿ ಕೇರಳ ಸರ್ಕಾರದ ಇಂಟರ್ನೆಟ್ ಕೇಬಲ್ ಜಾಲ ಕೆ-ಫೋನ್ ಉದ್ಘಾಟನೆ ಆಯಿತು. ಒಳ್ಳೆಯದೇ. ಆ ಕೇಬಲನ್ನು ನಮ್ಮೂರ ಗ್ರಂಥಾಲಯಕ್ಕೂ ಎಳೆಸಿ. ಒಂದು ಇನ್ವರ್ಟರ್, ನಾಲ್ಕು ಮೇಜು, ಪ್ಲಗ್ ಪಾಯಿಂಟ್. ಜಾಸ್ತಿ ಏನೂ ಬೇಡ. ಧರ್ಮಕ್ಕೆ ಕೇಳುತ್ತಿಲ್ಲ, ತಿಂಗಳ ಬಾಡಿಗೆ ನಾವೇ ಕೊಡುತ್ತೇವೆ.

ಇನ್ನು ಆಸ್ಪತ್ರೆ. 2020ರ ಮಾರ್ಚಿನಲ್ಲಿ ಕರ್ನಾಟಕದವರು ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2013ರಲ್ಲಿ ಶಿಲಾನ್ಯಾಸ ಆದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಆಗ, ಏಪ್ರಿಲಿನಲ್ಲಿ, ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ತೆರೆದರು. ಮನಸ್ಸು ಮಾಡಿದರೆ ದಿನಗಳಲ್ಲಿ ಆಗುವ ಕೆಲಸ, ಅಲ್ವಾ? ಆದರೂ ನಡುರಾತ್ರಿ ಎದೆನೋವು ಬಂದರೆ ಈಗಲೂ ನಾವು ಹಿಡಿಯುವುದು ಮಂಗಳೂರಿನ ದಾರಿಯನ್ನೇ. ಅಪ್ಪನಿಗೆ ಎಪ್ಪತ್ತು ದಾಟಿದೆ. ನಾನು ಊರಲ್ಲಿ ಉಳಿದದ್ದು ಅವರಿಗಾಗಿ. ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವುದೇ ಲೇಸು ಅಂತ ಹೆಂಡತಿ ಹೇಳುತ್ತಿರುವುದೂ ಅವರಿಗಾಗಿಯೇ.

ಟವರಿನ ಬ್ಯಾಟರಿ, ಗ್ರಂಥಾಲಯದ ಕೇಬಲ್, ಉಕ್ಕಿನಡ್ಕದಲ್ಲಿ ರಾತ್ರಿಯೂ ಹೃದಯದ ಡಾಕ್ಟರು. ಇವುಗಳಲ್ಲಿ ಯಾವುದು ನಿಮ್ಮ ಕೈಯಲ್ಲಿದೆ, ಯಾವುದು ತಿರುವನಂತಪುರದಲ್ಲಿ ಕೇಳಬೇಕು, ಯಾವಾಗ ಕೇಳುತ್ತೀರಿ, ಇಷ್ಟನ್ನು ಬರೆದು ತಿಳಿಸಿ. ಕನ್ನಡದಲ್ಲೇ ಬರೆದರೆ ಅಪ್ಪನೂ ಓದುತ್ತಾರೆ.

ಇತಿ,
ಎಣ್ಮಕಜೆ ಪಂಚಾಯತಿನ ಒಬ್ಬ ಮತದಾರ